ಮೋಟೆಬೆನ್ನೂರಿನ ತಿರುವಿನಲ್ಲಿ ಒಂದು ಹಳೆಯ ಸ್ಟೇರಿಂಗ್

ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ 30 ಕಿಲೋಮೀಟರಿಗೆ ತುಸು ಹೆಚ್ಚು ದೂರ. ನಡುವೆ ಸಿಗುವುದು ಮೋಟೆಬೆನ್ನೂರು. ಬ್ಯಾಡಗಿಗೆ ಹೋಗುವವರು ಅಲ್ಲಿ ಹೆದ್ದಾರಿ ಬಿಟ್ಟು ಹೊರಳಬೇಕು. ಇಂದಿನ ಕಾರಿನಲ್ಲಿ ಕೂತವರಿಗೆ ಆ ತಿರುವು ಗಮನಕ್ಕೂ ಬಾರದು. ಎರಡು ಬೆರಳು ಆಡಿಸಿದರೆ ಗಾಡಿ ಹೊರಳಿರುತ್ತದೆ. ಅದೇ ತಿರುವಿಗೆ 1960ರ ದಶಕದ ಜೀಪೋ ಅಂಬಾಸಿಡರೋ ಬಂದರೆ ನೋಡಬೇಕು. ಚಾಲಕ ಮೊದಲು ವೇಗ ಇಳಿಸುತ್ತಾನೆ. ಬೆನ್ನನ್ನು ಸೀಟಿಗೆ ಆನಿಸಿ ಕೂರುತ್ತಾನೆ. ದೊಡ್ಡ ಸ್ಟೇರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ಕೈ ಮೇಲೆ ಕೈ ಹಾಕಿ ಎಳೆಯುತ್ತಾನೆ. ತಿರುವು ಮುಗಿದ ಮೇಲೆ ಹಿಡಿತ ಸಡಿಲಿಸಿದರೆ ಸಾಕು, ಚಕ್ರ ಅಂಗೈಯೊಳಗೆ ಜಾರುತ್ತ ತಾನೇ ನೇರಕ್ಕೆ ಬರುತ್ತದೆ.

ಆ ಎಳೆತವನ್ನು ಹಾಗೆಯೇ ಉಳಿಸಿಕೊಳ್ಳಬೇಕೆ, ಇಲ್ಲವೆ ಪವರ್ ಸ್ಟೇರಿಂಗ್ ಕೂರಿಸಿ ಹಗುರ ಮಾಡಿಕೊಳ್ಳಬೇಕೆ? ಹಳೆಯ ಗಾಡಿಯನ್ನು ಜೋಪಾನ ಮಾಡಿಟ್ಟುಕೊಂಡ ಮನೆಗಳಲ್ಲಿ ಇದು ಮುಗಿಯದ ವಾದ. ಇಂಗ್ಲೆಂಡಿನಲ್ಲಿ ಜಾಗ್ವಾರ್ ಇಟ್ಟುಕೊಂಡವರಿಗೂ, ಜರ್ಮನಿಯಲ್ಲಿ ಪೋರ್ಷೆ ಇಟ್ಟುಕೊಂಡವರಿಗೂ, ನಮ್ಮ ಸೀಮೆಯಲ್ಲಿ ಅಜ್ಜನ ಜೀಪು ಇಟ್ಟುಕೊಂಡವರಿಗೂ ಪ್ರಶ್ನೆ ಒಂದೇ. ಉತ್ತರ ಹುಡುಕುವ ಮುನ್ನ ಸ್ಟೇರಿಂಗ್ ಮಾಡುವ ಕೆಲಸವೇನು ಎಂಬುದನ್ನು ನೋಡೋಣ.

ಚಕ್ಕಡಿಗೆ ಸ್ಟೇರಿಂಗ್ ಬೇಕಿಲ್ಲ. ಎರಡೇ ಗಾಲಿ, ಮುಂದೆ ನೊಗ, ನೊಗದಲ್ಲಿ ಎತ್ತು. ಎತ್ತು ಹೊರಳಿದತ್ತ ಗಾಡಿ ಹೊರಳುತ್ತದೆ. ತೊಡಕು ಶುರುವಾಗುವುದು ನಾಲ್ಕು ಗಾಲಿ ಬಂದಾಗ. ಜಾತ್ರೆಯಲ್ಲಿ ತೇರು ಎಳೆಯುವುದನ್ನು ಕಂಡವರಿಗೆ ಇದು ಗೊತ್ತು. ತೇರಿನ ಅಚ್ಚುಗಳು ಅಲುಗದಂತೆ ಕೂತಿರುತ್ತವೆ. ಹಗ್ಗ ಹಿಡಿದ ನೂರಾರು ಜನ ಎಷ್ಟೇ ಬಲ ಹಾಕಿದರೂ ಅದು ನೆಟ್ಟಗೆ ಸಾಗುತ್ತದೆಯೇ ಹೊರತು ಹೊರಳುವುದಿಲ್ಲ. ಹೊರಳಿಸಲು ಗಾಲಿಯ ಪಕ್ಕದಲ್ಲಿ ನಡೆಯುವ ಅನುಭವಿಗಳು ಸರಿಯಾದ ಹೊತ್ತಿಗೆ ಮರದ ತುಂಡನ್ನು ಗಾಲಿಗೆ ಒಡ್ಡುತ್ತಾರೆ. ಒಂದು ಬದಿಯ ಗಾಲಿ ತಡೆದು ಇನ್ನೊಂದು ಬದಿ ಮುಂದೆ ಬಂದಾಗ ತೇರು ಸ್ವಲ್ಪ ಸ್ವಲ್ಪವಾಗಿ ದಿಕ್ಕು ಬದಲಿಸುತ್ತದೆ.

ಕುದುರೆ ಸಾರೋಟು ಮಾಡುತ್ತಿದ್ದ ಯುರೋಪಿನವರಿಗೂ ಇದೇ ತೊಡಕು ಎದುರಾಯಿತು. ನಾಲ್ಕು ಗಾಲಿಯ ಗಾಡಿ ತಿರುಗುವಾಗ ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ಸಾಗುತ್ತವೆ. ಎರಡೂ ಒಂದೇ ಕೋನಕ್ಕೆ ಹೊರಳಿದರೆ ಒಂದು ಗಾಲಿ ನೆಲವನ್ನು ಉಜ್ಜಿಕೊಂಡು ಹೋಗಬೇಕಾಗುತ್ತದೆ. ಒಳಗಾಲಿ ಹೆಚ್ಚು, ಹೊರಗಾಲಿ ಕಡಿಮೆ ಹೊರಳುವಂತೆ ಸರಳುಗಳನ್ನು ಜೋಡಿಸುವ ಬಗೆಯನ್ನು ಮ್ಯೂನಿಕ್‌ನ ಸಾರೋಟು ತಯಾರಕ ಗೆಯಾರ್ಗ್ ಲಾಂಕೆನ್‌ಸ್ಪೆರ್ಗರ್ ರೂಪಿಸಿದ. ಲಂಡನ್ನಿನಲ್ಲಿ ಅವನ ಪರವಾಗಿ 1818ರಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಹೆಸರು ಉಳಿದದ್ದು ಆಕರ್‌ಮನ್‌ನದೇ. ಇಂದು ಹೆದ್ದಾರಿಯಲ್ಲಿ ಓಡುವ ಕಾರು, ಹೊಲಕ್ಕೆ ಹೋಗುವ ಟ್ರ್ಯಾಕ್ಟರು, ಮೆಣಸಿನಕಾಯಿ ಹೊತ್ತ ಲಾರಿ ಎಲ್ಲವೂ ಹೊರಳುವುದು ಆ ಲೆಕ್ಕದ ಆಸುಪಾಸಿನಲ್ಲಿಯೇ.

ಇನ್ನು ಚಾಲಕನ ಕೈಗೂ ಆ ಸರಳುಗಳಿಗೂ ನಡುವೆ ಇರುವ ಹಲ್ಲುಗಳ ಜೋಡಣೆ. ಹಳೆಯದೋ ಹೊಸದೋ ಎಂಬ ಜಗಳವೆಲ್ಲ ಇಲ್ಲೇ.

ಕ್ಲಾಸಿಕ್ ಸ್ಪೋರ್ಟ್ಸ್ ಕಾರು ಎಂದೊಡನೆ ಕಣ್ಣ ಮುಂದೆ ಬರುವುದು ತಗ್ಗಾದ, ಎರಡು ಸೀಟಿನ, ಮಾಡು ತೆರೆಯುವ ವಿಲಾಯತಿ ಗಾಡಿ. ಹಾವೇರಿ ಸೀಮೆಯಲ್ಲಿ ಹಳೆಯ ಗಾಡಿ ಎಂದರೆ ಅಂಬಾಸಿಡರ್, ಫಿಯಟ್, ಮಹೀಂದ್ರ ಜೀಪು. ಎರಡೂ ಬೇರೆ ಬೇರೆ ಲೋಕ ಎನ್ನಿಸಬಹುದು. ಸ್ಟೇರಿಂಗ್ ಬಿಚ್ಚಿ ನೋಡಿದರೆ ಹಾಗಿಲ್ಲ. ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾದ ಅಂಬಾಸಿಡರ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಬಂದದ್ದು. ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಎಂ.ಜಿ. ಎಂಬ ಎರಡಕ್ಷರದ ಮೂಲವೂ ಮೋರಿಸ್ ಗರಾಜಸ್ ಎಂಬ ಹೆಸರೇ. ಒಂದೇ ಮನೆತನದ ಎರಡು ಕವಲು ಇವು. ಅಂಬಾಸಿಡರಿನಲ್ಲಿರುವುದು ರ್‍ಯಾಕ್ ಅಂಡ್ ಪಿನಿಯನ್: ಸ್ಟೇರಿಂಗ್ ದಂಡದ ತುದಿಯಲ್ಲಿ ಒಂದು ಸಣ್ಣ ಹಲ್ಲುಗಾಲಿ, ಅದರ ಕೆಳಗೆ ಅಡ್ಡಲಾಗಿ ಹಲ್ಲು ಕೊರೆದ ಸರಳು. ಹಲ್ಲುಗಾಲಿ ತಿರುಗಿದಂತೆ ಸರಳು ಎಡಕ್ಕೋ ಬಲಕ್ಕೋ ಸರಿದು ಮುಂದಿನ ಗಾಲಿಗಳನ್ನು ಹೊರಳಿಸುತ್ತದೆ. ಭಾಗಗಳು ಕಡಿಮೆ, ನಡುವೆ ಸಡಿಲಕ್ಕೆ ಎಡೆ ಕಡಿಮೆ, ರಸ್ತೆಯ ಸುದ್ದಿ ಕೈಗೆ ನೇರ.

ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿನ ಕತೆ ಇನ್ನೂ ಸೊಗಸು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಭಾರತೀಯ ರೂಪ ಅದು. 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರುವಾಸಿ ಸ್ಪೋರ್ಟ್ಸ್ ಕಾರು ತನ್ನ ಮುಂಭಾಗದ ಸಸ್ಪೆನ್ಷನ್ನನ್ನೂ ಸ್ಟೇರಿಂಗನ್ನೂ ಪಡೆದದ್ದು ಇದೇ ಹೆರಾಲ್ಡಿನಿಂದ. ಹೆರಾಲ್ಡ್ ಸುಮಾರು 25 ಅಡಿ ಅಗಲದ ವೃತ್ತದಲ್ಲಿ ಪೂರ್ತಿ ಸುತ್ತು ಹಾಕಬಲ್ಲದು. ಇಂದಿನ ಎಷ್ಟೋ ಸಣ್ಣ ಕಾರುಗಳಿಗೂ ಅಷ್ಟು ಇಕ್ಕಟ್ಟಿನಲ್ಲಿ ತಿರುಗಲು ಆಗದು. ಪವರ್ ಸ್ಟೇರಿಂಗ್ ಇಲ್ಲದ ಸಂಸಾರಸ್ಥರ ಗಾಡಿ ಅದು.

ಜೀಪಿನ ಏರ್ಪಾಡು ಬೇರೆ. ವಿಲ್ಲಿಸ್ ವಿನ್ಯಾಸದ ಹಳೆಯ ಜೀಪುಗಳಲ್ಲಿ ದಂಡದ ತುದಿಗೆ ಸುರುಳಿ ತೋಡು ಕೊರೆದ ಕ್ಯಾಮ್ ಇರುತ್ತದೆ. ಒಂದು ಲಿವರಿನ ಮೊಳೆಗಳು ಆ ತೋಡಿನಲ್ಲಿ ಕೂತು, ಕ್ಯಾಮ್ ತಿರುಗಿದಂತೆ ಹಿಂದೆ ಮುಂದೆ ಸರಿಯುತ್ತವೆ. ಗುಂಡಿ, ಕಲ್ಲು, ಹೊಲದ ಬದು ಯಾವುದನ್ನು ಹತ್ತಿಸಿದರೂ ಹೊಡೆತ ನೇರವಾಗಿ ಕೈಗೆ ಬಡಿಯದಂತೆ ತಡೆಯುವ ಗಟ್ಟಿ ಜೋಡಣೆ. ಆದರೆ ಮೊಳೆ ಸವೆದರೆ, ತೋಡು ಸವೆದರೆ ಸ್ಟೇರಿಂಗ್ ಖಾಲಿ ತಿರುಗತೊಡಗುತ್ತದೆ. ಗಾಡಿ ನೆಟ್ಟಗೆ ಓಡುವ ಹೊತ್ತೇ ಹೆಚ್ಚಾದ್ದರಿಂದ ಸವೆತ ನಡುಭಾಗದಲ್ಲಿ ಹೆಚ್ಚು. ಆ ಸಡಿಲವನ್ನು ಸ್ಕ್ರೂ ಬಿಗಿದು ತೆಗೆಯಲು ಹೋದರೆ, ನಡುವೆ ಸರಿಯಾಗಿ ಎರಡೂ ಬದಿಯ ತಿರುವಿನಲ್ಲಿ ಬಿಗಿದುಕೊಳ್ಳುತ್ತದೆ. ಸವೆದ ಭಾಗ ಬದಲಿಸದೆ ಇದಕ್ಕೆ ಮದ್ದಿಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ದಾರಿಯಲ್ಲಿ ಹಳೆಯ ಸ್ಟೇರಿಂಗಿಗೆ ಎರಡು ಪರೀಕ್ಷೆ ಕಾದಿರುತ್ತವೆ. ಮೊದಲನೆಯದು ಬ್ಯಾಡಗಿಯಲ್ಲಿ.

ಸೋಮವಾರ, ಗುರುವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸುಗ್ಗಿಯ ತಿಂಗಳಲ್ಲಿ ಚೀಲ ಹೊತ್ತ ಲಾರಿ, ಟ್ರ್ಯಾಕ್ಟರ್, ಟೆಂಪೊಗಳ ನಡುವೆ ಒಂದು ಹಳೆಯ ಕಾರನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸಬೇಕಾದರೆ ಭುಜ ಸೋಲುತ್ತದೆ. ಸ್ಟೇರಿಂಗಿನ ಭಾರ ಅತಿ ಹೆಚ್ಚು ಕಾಡುವುದು ಗಾಡಿ ನಿಂತಾಗ. ಉರುಳುವ ಟಯರ್ ಸುಲಭವಾಗಿ ಹೊರಳುತ್ತದೆ; ನಿಂತ ಟಯರನ್ನು ಹೊರಳಿಸುವುದೆಂದರೆ ಗಾಡಿಯ ತೂಕ ಹೊತ್ತ ರಬ್ಬರನ್ನು ನೆಲದ ಮೇಲೆ ತಿರುಚುವುದು. ಅದಕ್ಕೇ ಪಳಗಿದ ಚಾಲಕರು ನಿಂತಲ್ಲಿ ಸ್ಟೇರಿಂಗ್ ತಿರುಗಿಸುವುದಿಲ್ಲ. ಗಾಡಿಯನ್ನು ಒಂದಡಿಯಾದರೂ ಉರುಳಲು ಬಿಟ್ಟು, ಉರುಳುತ್ತಿರುವಾಗಲೇ ತಿರುಗಿಸುತ್ತಾರೆ. ಈ ಅಭ್ಯಾಸ ಕೈಯ ಜೊತೆಗೆ, ಗಾಲಿಗಳನ್ನು ಹೊರಳಿಸುವ ಟೈ ರಾಡ್ ಎಂಬ ಸರಳಿನ ಕೀಲುಗಳನ್ನೂ ಉಳಿಸುತ್ತದೆ.

ಇಷ್ಟಾದರೂ ಭಾರ ಅತಿಯಾಯಿತು ಎನ್ನಿಸಿದರೆ ಅದರ ಕಾರಣ ಹುಡುಕಬೇಕು. ಬಹಳಷ್ಟು ಸಲ ತಪ್ಪು ಗಾಡಿ ಮಾಡಿದವನದಲ್ಲ, ನಂತರ ನಾವು ಮಾಡಿಕೊಂಡದ್ದು. ಅಂಬಾಸಿಡರಿಗೆ ಮೊದಲು ಬರುತ್ತಿದ್ದದ್ದು 5.90-15 ಅಳತೆಯ ಕಿರಿದಾದ ಟಯರ್. ನೋಟಕ್ಕೆ ಚೆಂದ ಎಂದು ಅಗಲದ ರೇಡಿಯಲ್ ಹಾಕಿಸಿದರೆ ಸ್ಟೇರಿಂಗ್ ಆ ಕ್ಷಣವೇ ಭಾರವಾಗುತ್ತದೆ. ಗಾಳಿ ಕಡಿಮೆಯಾದರೂ ಹಾಗೆಯೇ. ಇನ್ನೊಂದು ಆಸೆ, ದೊಡ್ಡ ಸ್ಟೇರಿಂಗ್ ಚಕ್ರ ತೆಗೆದು ರೇಸ್ ಕಾರಿನಂಥ ಪುಟ್ಟ ಚಕ್ರ ಹಾಕಿಸುವುದು. ಹಳೆಯ ಚಕ್ರ ದೊಡ್ಡದಾಗಿದ್ದದ್ದಕ್ಕೆ ಕಾರಣವಿತ್ತು. ಅದು ಸನ್ನೆಗೋಲಿನ ಉದ್ದ ತೋಳಿನಂತೆ ಕೆಲಸ ಮಾಡುತ್ತದೆ. 17 ಅಂಗುಲದ ಚಕ್ರದ ಬದಲು 14 ಅಂಗುಲದ್ದು ಹಾಕಿದರೆ ಅದೇ ಕೆಲಸಕ್ಕೆ ಕೈ ಹಾಕಬೇಕಾದ ಬಲ ಐದರಲ್ಲೊಂದು ಪಾಲು ಹೆಚ್ಚುತ್ತದೆ. ಹಾಗೆ ಚಕ್ರ ಕಿರಿದು ಮಾಡಿ, ಟಯರ್ ಅಗಲ ಮಾಡಿ, ಕೊನೆಗೆ ಮೂಲ ಸ್ಟೇರಿಂಗ್ ಸರಿಯಿಲ್ಲ ಎಂದರೆ ಅದು ನ್ಯಾಯವಲ್ಲ.

ಇನ್ನು ಗ್ರೀಸು. ಹಳೆಯ ಗಾಡಿಯ ಮುಂಭಾಗದ ಕೀಲುಗಳಲ್ಲಿ ಗ್ರೀಸ್ ನಿಪ್ಪಲ್‌ಗಳಿರುತ್ತವೆ. ಹೊಸ ಗಾಡಿಗಳಿಗೆ ಒಗ್ಗಿದ ಗರಾಜುಗಳಲ್ಲಿ ಇವುಗಳ ಕಡೆ ಕಣ್ಣು ಹಾಯುವುದು ಕಡಿಮೆ. ಮುಂದಿನ ಗಾಲಿ ಹೊರಳುವ ಕೀಲಾದ ಕಿಂಗ್ ಪಿನ್ನು ವರ್ಷಗಟ್ಟಲೆ ಗ್ರೀಸ್ ಕಾಣದಿದ್ದರೆ ತುಕ್ಕು ಹಿಡಿದ ಬಾಗಿಲ ತಿರುಗಣಿಯಂತೆ ಬಿಗಿದಿರುತ್ತದೆ. ಜಾಕ್ ಹಚ್ಚಿ ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿ, ಸ್ಟೇರಿಂಗ್ ತಿರುಗಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಗಾಲಿ ಗಾಳಿಯಲ್ಲಿದ್ದಾಗಲೂ ಭಾರವಿದ್ದರೆ ದೋಷ ಕೀಲಿನಲ್ಲಿ, ಇಲ್ಲವೆ ದಂಡದ ತುದಿಯ ಜೋಡಣೆಯನ್ನು ಒಳಗಿಟ್ಟುಕೊಂಡ ಸ್ಟೇರಿಂಗ್ ಪೆಟ್ಟಿಗೆಯಲ್ಲಿ. ಗಾಳಿಯಲ್ಲಿ ಹಗುರವಾಗಿ ತಿರುಗಿ, ನೆಲಕ್ಕಿಳಿಸಿದಾಗ ಮಾತ್ರ ಭಾರವಾದರೆ ಟಯರು, ಗಾಳಿ, ಅಲೈನ್‌ಮೆಂಟ್ ನೋಡಬೇಕು. ಐದು ನಿಮಿಷದ ಈ ಪರೀಕ್ಷೆ ಸಾವಿರಾರು ರೂಪಾಯಿ ಉಳಿಸಬಲ್ಲದು.

ಎರಡನೆಯ ಪರೀಕ್ಷೆ ಹೆದ್ದಾರಿಯಲ್ಲಿ.

ಹಾವೇರಿ ರಾಣೆಬೆನ್ನೂರಿನ ನಡುವೆ ಹಾದುಹೋಗುವುದು ಮೊದಲು 4ನೆಯ ಸಂಖ್ಯೆ ಹೊತ್ತಿದ್ದ, ಈಗ 48 ಎನ್ನಿಸಿಕೊಳ್ಳುವ ರಾಷ್ಟ್ರೀಯ ಹೆದ್ದಾರಿ. ಸುವರ್ಣ ಚತುರ್ಭುಜ ಯೋಜನೆಯಲ್ಲಿ ಅಗಲವಾದ ದಾರಿ ಇದು. ಅಂಬಾಸಿಡರ್ ಹುಟ್ಟಿದಾಗ ಇದ್ದ ರಸ್ತೆಯಲ್ಲಿ ಅದರ ಜೊತೆ ಓಡುತ್ತಿದ್ದ ಗಾಡಿಗಳೂ ನಿಧಾನದವೇ. ಇಂದು ಪಕ್ಕದಲ್ಲಿ ಕಾರುಗಳು 100 ಕಿಲೋಮೀಟರ್ ವೇಗದಲ್ಲಿ ಹಾಯುತ್ತವೆ, ದೊಡ್ಡ ಲಾರಿ ಹಿಂದೆ ಹಾಕಿದಾಗ ಗಾಳಿಯ ಹೊಡೆತಕ್ಕೆ ಹಳೆಯ ಗಾಡಿ ಅಲುಗುತ್ತದೆ. ಇಲ್ಲಿ ಕಾಡುವುದು ಭಾರವಲ್ಲ, ಸಡಿಲ. ‘ಸ್ಟೇರಿಂಗ್ ಪ್ಲೇ ಐತಿ’ ಎಂದು ನಮ್ಮ ಗರಾಜುಗಳಲ್ಲಿ ಹೇಳುವುದು ಇದಕ್ಕೇ.

ಎಷ್ಟು ಪ್ಲೇ ಇರಬಹುದು ಎಂಬುದನ್ನು ಸರ್ಕಾರವೇ ಬರೆದಿಟ್ಟಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದ ಸಡಿಲ 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ 12ರಿಂದ 1ರವರೆಗಿನ ಅಂತರ ಅದು. 17 ಅಂಗುಲದ ಚಕ್ರದ ಅಂಚಿನಲ್ಲಿ ಅಳೆದರೆ ನಾಲ್ಕೂವರೆ ಅಂಗುಲದ ಹತ್ತಿರ. ಇದು ಕಾನೂನಿನ ಕಟ್ಟಕಡೆಯ ಎಲ್ಲೆ. ಅಷ್ಟು ಸಡಿಲವಿದ್ದ ಗಾಡಿಯನ್ನು ಹೆದ್ದಾರಿಗೆ ಇಳಿಸುವುದು ಜಾಣತನವಲ್ಲ. ಕೀಲುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಒಂದು ಸಣ್ಣ ಸ್ಪ್ಲಿಟ್ ಪಿನ್ ಇಲ್ಲದೆ ಟೈ ರಾಡ್ ಕಳಚಿಕೊಂಡರೆ, ಆ ಕ್ಷಣದಲ್ಲಿ ಸ್ಟೇರಿಂಗ್ ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ.

ಹೆದ್ದಾರಿಯ ಈ ಅಂಜಿಕೆಗೆ ಜಗತ್ತಿನಲ್ಲಿ ಹೆಸರಾದ ಉದಾಹರಣೆ ಎಂ.ಜಿ. ಟಿ.ಸಿ. ಎರಡನೆಯ ಮಹಾಯುದ್ಧ ಮುಗಿದ 1945ರಿಂದ 1949ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ಸುಮಾರು 10,000 ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. 19 ಅಂಗುಲದ ತೆಳ್ಳನೆಯ ತಂತಿಗಾಲಿ, ಉದ್ದ ಮೂತಿ, ನೋಡಲು ಮನಮೋಹಕ. ಆದರೆ ಅದರ ಬಿಷಪ್ ಕ್ಯಾಮ್ ಸ್ಟೇರಿಂಗ್ ಸ್ವಲ್ಪ ಸವೆದರೂ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯುತ್ತದೆ. ಬೇಸತ್ತ ಎಷ್ಟೋ ಮಾಲೀಕರು ಆ ಪೆಟ್ಟಿಗೆಯನ್ನು ಕಳಚಿ ಡಾಟ್ಸನ್ ಪಿಕಪ್ಪಿನದೋ ಫೋಕ್ಸ್‌ವ್ಯಾಗನ್ನಿನದೋ ಪೆಟ್ಟಿಗೆ ಕೂರಿಸಿಕೊಂಡರು. ಗಾಡಿ ನೆಟ್ಟಗೆ ಓಡಿತು. ಇನ್ನು ಕೆಲವರು ಹಟ ಹಿಡಿದು ಮೂಲ ಪೆಟ್ಟಿಗೆಯನ್ನೇ ಬಿಚ್ಚಿ, ಸವೆದ ಮೊಳೆ ಬದಲಿಸಿ, ಕಿಂಗ್ ಪಿನ್ ಹೊಸದು ಹಾಕಿ, ಅಲೈನ್‌ಮೆಂಟ್ ಸರಿ ಮಾಡಿದರು. ಅವರ ಗಾಡಿಯೂ ಮೊದಲಿಗಿಂತ ಎಷ್ಟೋ ಸುಧಾರಿಸಿತು. ಇದಕ್ಕಿಂತ ಮುಖ್ಯ ಸಂಗತಿಯೆಂದರೆ, ತಯಾರಕರೇ ಮುಂದಿನ ಟಿ.ಡಿ. ಮಾದರಿಗೆ ರ್‍ಯಾಕ್ ಅಂಡ್ ಪಿನಿಯನ್ ಕೊಟ್ಟರು. ಜಾಗ್ವಾರ್ ಕೂಡ ಹಾಗೆಯೇ ಮಾಡಿತು. ಅದರ ಎಕ್ಸ್‌ಕೆ 120 ಕಾರಿನಲ್ಲಿದ್ದ ಪೆಟ್ಟಿಗೆ ಸ್ಟೇರಿಂಗ್ 1954ರಲ್ಲಿ ಬಂದ ಎಕ್ಸ್‌ಕೆ 140ರಲ್ಲಿ ಮಾಯವಾಗಿ, ಆ ಜಾಗಕ್ಕೆ ರ್‍ಯಾಕ್ ಬಂತು. ಹೊಸತು ಮಾಡುವುದೇ ಪಾಪ ಎನ್ನುವವರು ಇದನ್ನು ನೆನೆಯಬೇಕು.

ಹಗುರ ಮಾಡುವ ವಿದ್ಯೆಗೂ ಈಗ ವಯಸ್ಸಾಗಿದೆ. ಮಾರಾಟದ ಕಾರಿನಲ್ಲಿ ಎಣ್ಣೆಯ ಒತ್ತಡದ ಪವರ್ ಸ್ಟೇರಿಂಗ್ ಮೊದಲು ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ವಿದ್ಯುತ್ ಮೋಟಾರಿನ ನೆರವು ಮೊದಲು ಬಂದದ್ದು 1988ರಲ್ಲಿ, ಜಪಾನಿನ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ. ಅಂಬಾಸಿಡರಿಗೂ ಅದರ ಕೊನೆಯ ವರ್ಷಗಳಲ್ಲಿ ಪವರ್ ಸ್ಟೇರಿಂಗ್ ಆಯ್ಕೆಯಾಗಿ ದೊರೆಯಿತು.

ನಮ್ಮ ಸೀಮೆಯಲ್ಲಿ ಹೆಚ್ಚು ಕಾಣುವ ಬದಲಾವಣೆ ಜೀಪಿನದು. ಹಳೆಯ ಪೆಟ್ಟಿಗೆ ತೆಗೆದು ಬೊಲೆರೊದಂಥ ಗಾಡಿಯ ಪವರ್ ಸ್ಟೇರಿಂಗ್ ಪೆಟ್ಟಿಗೆ ಕೂರಿಸುವುದು, ಎಂಜಿನ್ನಿಗೆ ಪಂಪು ಕಟ್ಟಿ ಬೆಲ್ಟು ಹಾಕುವುದು. ಚೆನ್ನಾಗಿ ಮಾಡಿದರೆ ಒಳ್ಳೆಯ ಕೆಲಸವೇ. ಕೆಟ್ಟದಾಗಿ ಮಾಡಿದರೆ ಜೀವಕ್ಕೆ ಅಪಾಯ. ಹೊಸ ಪೆಟ್ಟಿಗೆ ತಳ್ಳುವ ಬಲ ಮೊದಲಿನದಕ್ಕಿಂತ ಬಹಳ ಹೆಚ್ಚು. ಆ ಬಲವನ್ನೆಲ್ಲ ಹೊರುವುದು ಚಾಸಿಗೆ ವೆಲ್ಡ್ ಮಾಡಿದ ಒಂದು ಬ್ರಾಕೆಟ್ಟು. ಆ ವೆಲ್ಡಿಂಗ್ ಬಿರುಕು ಬಿಟ್ಟರೆ ಮುಗಿಯಿತು. ಸ್ಟೇರಿಂಗಿನ ತೋಳುಗಳನ್ನು ಅಳತೆಗೆ ಬರಲಿ ಎಂದು ಕಾಯಿಸಿ ಬಗ್ಗಿಸುವುದು, ಟೈ ರಾಡನ್ನು ಕತ್ತರಿಸಿ ವೆಲ್ಡ್ ಮಾಡುವುದು ಇನ್ನೂ ಅಪಾಯ. ಕಾಯಿಸಿದ ಉಕ್ಕಿನ ಕಸುವು ಹೋಗಿರುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ. ಎಂಜಿನ್ ನಿಂತುಹೋದರೆ ಪಂಪೂ ನಿಲ್ಲುತ್ತದೆ. ಆಗ ಸ್ಟೇರಿಂಗ್ ಹಳೆಯದಕ್ಕಿಂತ ಭಾರವಾಗುತ್ತದೆ. ಇಳಿಜಾರಿನಲ್ಲಿ ಇದು ಗೊತ್ತಿಲ್ಲದ ಚಾಲಕ ಕಂಗಾಲಾಗುತ್ತಾನೆ.

ಯುರೋಪಿನ ಕ್ಲಾಸಿಕ್ ಕಾರುಗಳ ಮಾಲೀಕರು ಈಚೆಗೆ ಹೆಚ್ಚು ನೆಚ್ಚಿರುವುದು ವಿದ್ಯುತ್ ನೆರವನ್ನು. ಡ್ಯಾಶ್‌ಬೋರ್ಡಿನ ಕೆಳಗೆ, ಸ್ಟೇರಿಂಗ್ ದಂಡಕ್ಕೆ ಒಂದು ಮೋಟಾರು ಜೋಡಿಸುತ್ತಾರೆ. ಅದು ಹೊರಗೆ ಕಾಣುವುದಿಲ್ಲ. ಬೋನೆಟ್ಟಿನೊಳಗಿನ ಮೂಲ ಪೆಟ್ಟಿಗೆ, ಸರಳು, ಕೀಲು ಯಾವುದನ್ನೂ ಮುಟ್ಟುವುದಿಲ್ಲ. ಬೇಡವೆನಿಸಿದರೆ ಬಿಚ್ಚಿ ಹಳೆಯ ದಂಡವನ್ನು ಮರಳಿ ಹಾಕಬಹುದು. ಇದರಲ್ಲಿಯೂ ಗಮನಿಸಬೇಕಾದ ಒಂದು ಮಾತಿದೆ. ಕಾರ್ಖಾನೆಯಿಂದ ಬಂದ ಗಾಡಿಗಳಲ್ಲಿ ವೇಗ ಹೆಚ್ಚಿದಂತೆ ಮೋಟಾರಿನ ನೆರವು ಕಡಿಮೆಯಾಗುತ್ತದೆ. ಹಳೆಯ ಗಾಡಿಯಲ್ಲಿ ವೇಗದ ಸೂಚನೆ ಕೊಡುವ ತಂತಿಯಿಲ್ಲ. ಅದಕ್ಕೆ ಏರ್ಪಾಡು ಮಾಡದಿದ್ದರೆ ಬ್ಯಾಡಗಿಯ ಸಂತೆಯಲ್ಲಿ ಹಿತವಾದ ಹಗುರ, ಹೆದ್ದಾರಿಯಲ್ಲಿ ಅತಿಯಾಗಿ ಕೈ ತಪ್ಪಿಸುತ್ತದೆ.

ಹಗುರ ಮಾಡಿದಾಗ ಕಳೆದುಹೋಗುವುದೇನು? ಮಳೆಗಾಲದಲ್ಲಿ ಒದ್ದೆ ರಸ್ತೆಗೆ ಇಳಿದ ಹಳೆಯ ಕಾರಿನ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ ಚಾಲಕನಿಗೆ ತಿಳಿಯುತ್ತದೆ, ಮುಂದಿನ ಟಯರಿನ ಹಿಡಿತ ಕಡಿಮೆಯಾಗುತ್ತಿದೆ ಎಂದು. ಗಾಳಿ ಇಳಿದ ಟಯರ್, ಸವೆದ ಬೇರಿಂಗ್, ಒಂದು ಬದಿ ಹಿಡಿಯುವ ಬ್ರೇಕು, ಇವೆಲ್ಲ ಮೊದಲು ತಿಳಿಯುವುದು ಅಂಗೈಗೆ. ಸ್ಪೋರ್ಟ್ಸ್ ಕಾರು ಓಡಿಸುವವರಿಗೆ ಇದು ಪ್ರಾಣಸಮಾನ. ಪೋರ್ಷೆ 911 ಕಾರಿಗೆ ಪವರ್ ಸ್ಟೇರಿಂಗ್ ಮೊದಲ ಬಾರಿ ಬಂದದ್ದು 1989ರ ಮಾದರಿಯಲ್ಲಿ. 2011ರಲ್ಲಿ ಅದೇ ಕಾರು ವಿದ್ಯುತ್ ಸ್ಟೇರಿಂಗಿಗೆ ಬದಲಾದಾಗ, ಕೈಗೆ ಸಿಗುತ್ತಿದ್ದ ಸುದ್ದಿ ಕಡಿಮೆಯಾಯಿತು ಎಂದು ಅದರ ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದರು. ಲೋಟಸ್ ಎಲೀಸ್ ಎಂಬ ಹಗುರ ಕಾರನ್ನು 1996ರಿಂದ ಯಾವ ನೆರವೂ ಇಲ್ಲದ ಸ್ಟೇರಿಂಗಿನೊಂದಿಗೇ ಮಾರಿದರು. ಅದರ ಮಾಲೀಕರಿಗೆ ಅದೇ ಹೆಮ್ಮೆ.

ಸುರಕ್ಷತೆಯ ಮಾತು ಮಾತ್ರ ಬೇರೆ. ಹಳೆಯ ವಿನ್ಯಾಸಗಳಲ್ಲಿ ಭಾರಕ್ಕಿಂತ ದೊಡ್ಡ ದೋಷ ಸ್ಟೇರಿಂಗ್ ದಂಡದ್ದು. 1960ರ ದಶಕದ ಮೊದಲಿನ ಬಹಳಷ್ಟು ಕಾರುಗಳಲ್ಲಿ ಅದು ಗಾಡಿಯ ಮೂತಿಯಿಂದ ಚಾಲಕನ ಎದೆಯತ್ತ ಚಾಚಿದ ಒಂದೇ ಉಕ್ಕಿನ ಸಲಾಕೆ. ಎದುರಿನಿಂದ ಡಿಕ್ಕಿಯಾದರೆ ಅದು ಈಟಿಯಂತೆ ಹಿಂದೆ ನುಗ್ಗುತ್ತದೆ. ಡಿಕ್ಕಿಯಲ್ಲಿ ಮಡಚಿಕೊಳ್ಳುವ ದಂಡವನ್ನು ಅಮೆರಿಕ 1968ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ಹಳೆಯ ಕಾರನ್ನು ನಿತ್ಯ ಹೆದ್ದಾರಿಗೆ ಇಳಿಸುವವರು, ಅನುಭವಿ ತಂತ್ರಜ್ಞರಿಂದ ಇಂಥ ದಂಡ ಹಾಕಿಸಿಕೊಂಡರೆ ಅದನ್ನು ಮೂಲಕ್ಕೆ ಮಾಡಿದ ದ್ರೋಹ ಎನ್ನಲಾಗದು. ಸೀಟ್ ಬೆಲ್ಟ್ ಹಾಕಿಸುವುದಕ್ಕೂ ಇದೇ ಮಾತು.

ಕಾನೂನಿನ ಕಡೆಗೂ ಒಮ್ಮೆ ತಿರುಗಬೇಕು. ನಂಬರ್ ಪ್ಲೇಟಿನಲ್ಲಿ ಹಾವೇರಿಯ ಕೆಎ 27 ಇರಲಿ, ರಾಣೆಬೆನ್ನೂರಿನ ಕೆಎ 68 ಇರಲಿ, ನಿಯಮ ಒಂದೇ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಯ್ದು ನವೀಕರಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳು 50 ವರ್ಷ ದಾಟಿದ ಗಾಡಿಗಳಿಗೆ ಬೇರೆಯೇ ನೋಂದಣಿಯ ದಾರಿ ತೆರೆದಿವೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ, ಅವಧಿ 10 ವರ್ಷ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಇರುತ್ತವೆ. ಆದರೆ ಷರತ್ತು ಒಂದಿದೆ: ಗಾಡಿ ಮೂಲ ರೂಪದಲ್ಲಿ ಇರಬೇಕು. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ್‍ಯಾಲಿಗಳಿಗೆ ಅದನ್ನು ಓಡಿಸಬಹುದೇ ಹೊರತು ನಿತ್ಯದ ಓಡಾಟಕ್ಕಲ್ಲ. ಅಜ್ಜನ ಕಾಲದ ಗಾಡಿಯನ್ನು ಒಂದು ದಿನ ಈ ಸಾಲಿಗೆ ಸೇರಿಸುವ ಆಸೆ ಇದ್ದವರು, ಸ್ಟೇರಿಂಗ್ ಬಿಚ್ಚುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಜಗತ್ತಿನ ಹಳೆಯ ವಾಹನಗಳ ಒಕ್ಕೂಟ ಎಫ್‌ಐವಿಎ 1966ರಲ್ಲಿ ಹುಟ್ಟಿತು. ಅದು ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಇಂಥ ಬದಲಾವಣೆಗಳನ್ನು ಸಾರಾಸಗಟು ತಳ್ಳಿಹಾಕುವುದಿಲ್ಲ. ಬದಲಾವಣೆ ಅನಿವಾರ್ಯವಾದರೆ ಅದು ಮೂಲದ ರಚನೆಗೂ ರೂಪಕ್ಕೂ ಕುಂದು ತರಬಾರದು, ಆದಷ್ಟೂ ಮರಳಿ ಬಿಚ್ಚಲು ಬರುವಂತಿರಬೇಕು, ಕಳಚಿದ ಭಾಗವನ್ನು ಗಾಡಿಯ ಜೊತೆಗೇ ಕಾಪಾಡಬೇಕು ಎಂಬುದು ಅದರ ಸಾರ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಗಾಡಿಗಳನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಒಳಗೆ ಬಗ್ಗಿ ಸ್ಟೇರಿಂಗ್ ಚಕ್ರಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಮನುಷ್ಯ ಯಂತ್ರವನ್ನು ಹಿಡಿಯಲು ಕಲಿತ ಬಗೆ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ತೀರ್ಮಾನವೇನು? ಮೊದಲು ದುರಸ್ತಿ, ಆಮೇಲೆ ಬದಲಾವಣೆ. ಮೂಲ ಸ್ಟೇರಿಂಗನ್ನು ತಯಾರಕ ಕೊಟ್ಟಂತೆ ಸರಿಪಡಿಸಿ ಒಂದು ವರ್ಷ ಓಡಿಸಿ ನೋಡದವರು, ಅದು ಕೆಟ್ಟದ್ದು ಎಂದು ಹೇಳುವ ಹಕ್ಕು ಇನ್ನೂ ಗಳಿಸಿಲ್ಲ. ಕೀಲು ಬದಲಿಸಿ, ಗ್ರೀಸ್ ತುಂಬಿ, ಸರಿಯಾದ ಅಳತೆಯ ಟಯರ್ ಹಾಕಿ, ಅಲೈನ್‌ಮೆಂಟ್ ಮಾಡಿಸಿದ ಮೇಲೆ ಬಹುಪಾಲು ಹಳೆಯ ಕಾರುಗಳಿಗೆ ಬೇರೇನೂ ಬೇಕಾಗುವುದಿಲ್ಲ. ಅದರಲ್ಲೂ ಅಂಬಾಸಿಡರ್, ಹೆರಾಲ್ಡ್‌ಗಳ ರ್‍ಯಾಕ್ ಸ್ಟೇರಿಂಗನ್ನು ಕಿತ್ತುಹಾಕಲು ಕಾರಣವೇ ಇಲ್ಲ. ಅದು ಆ ಕಾಲದ ಸ್ಪೋರ್ಟ್ಸ್ ಕಾರಿಗೆ ಒಪ್ಪಿದ ಸ್ಟೇರಿಂಗ್.

ಅಷ್ಟಾದ ಮೇಲೂ ಭುಜ ನೋಯುವ ಹಿರಿಯರಿದ್ದಾರೆ. ಕೈಯಲ್ಲಿ ಮೊದಲಿನ ಕಸುವು ಇಲ್ಲದೆಯೂ ತಾವು ಮದುವೆಯಾಗಿ ಬಂದ ಗಾಡಿಯನ್ನು ಬಿಡಲು ಮನಸ್ಸಿಲ್ಲದವರಿದ್ದಾರೆ. ತವರಿನ ಜೀಪನ್ನು ತಾವೇ ಓಡಿಸಬೇಕೆಂಬ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಮೂಲದ ಹೆಸರಿನಲ್ಲಿ ಗಾಡಿಯನ್ನು ನಿರಾಕರಿಸುವುದು ತಪ್ಪು. ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತ ಗಾಡಿಗಿಂತ, ಮರಳಿ ಬಿಚ್ಚಬಹುದಾದ ನೆರವು ಪಡೆದು ರಸ್ತೆಯಲ್ಲಿ ಓಡುವ ಗಾಡಿ ಮೇಲು. ಕೆಲಸ ಬಲ್ಲವರ ಕೈಯಲ್ಲಿ, ಚಾಸಿಗೆ ಗಾಯ ಮಾಡದೆ, ಕಾಗದಪತ್ರ ಸರಿಮಾಡಿಕೊಂಡು ಆ ಕೆಲಸ ಆಗಲಿ.

ಹಳೆಯ ಗಾಡಿ ಇರುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಯವರಲ್ಲಿ ಕೊನೆಯದಾಗಿ ಒಂದು ವಿನಂತಿ. ಕಳಚಿದ ಸ್ಟೇರಿಂಗ್ ಪೆಟ್ಟಿಗೆಯನ್ನು, ಆ ದೊಡ್ಡ ಚಕ್ರವನ್ನು ಗುಜರಿಗೆ ಹಾಕಬೇಡಿ. ಹಳೆಯ ಎಣ್ಣೆ ಬಸಿದು, ಚೆನ್ನಾಗಿ ಗ್ರೀಸ್ ಬಳಿದು, ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟದ ಮೇಲಿಡಿ. ಯಾವ ದಿನ ಕಳಚಿದಿರಿ, ಯಾವ ಬೋಲ್ಟು ಎಲ್ಲಿಯದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ಕಟ್ಟಿ. ನಾಳೆ ಮೊಮ್ಮಗಳೊಬ್ಬಳು ಆ ಗಾಡಿಯನ್ನು ಅಜ್ಜ ಓಡಿಸಿದಂತೆಯೇ ಓಡಿಸಿ ನೋಡಬೇಕೆಂದರೆ, ಅವಳಿಗೆ ಬೇಕಾದದ್ದೆಲ್ಲ ಮನೆಯಲ್ಲಿಯೇ ಸಿಗಲಿ.